ಹವ್ಯಾಸಿ ಕ್ರೀಡಾ ಕ್ಲಬ್‌ನಲ್ಲಿ ಹಾಡು ಹಾಕಲು ಯಾವ ಯಾವ ಲೈಸೆನ್ಸ್ ಬೇಕು?

ಕ್ಲಬ್‌ಕಾರ್ಯದರ್ಶಿ:
ಲಾಭದ ಉದ್ದೇಶವಿಲ್ಲದ ಜಿಮ್ನಾಸ್ಟಿಕ್ಸ್ ಕ್ಲಬ್. ಬಾಡಿಗೆ ಸಭಾಂಗಣದಲ್ಲಿ ಅಭ್ಯಾಸದ ಹೊತ್ತು ಸ್ಪೀಕರ್‌ನಲ್ಲಿ ಹಾಡು ಇರುತ್ತದೆ. ವರ್ಷಕ್ಕೊಂದು ಟಿಕೆಟ್ ಪ್ರದರ್ಶನವಿದೆ, ಅದನ್ನು ಯೂಟ್ಯೂಬ್‌ನಲ್ಲಿ ನೇರಪ್ರಸಾರ ಮಾಡುವ ಯೋಚನೆಯೂ ಇದೆ. ಸ್ಟ್ರೀಮಿಂಗ್ ಆ್ಯಪ್‌ಗೆ ಚಂದಾ ಕಟ್ಟಿದ ಮೇಲೂ ಶುಲ್ಕ ಬೇಕೇ? ಸಭಾಂಗಣದವರ ಲೈಸೆನ್ಸ್ ನಮಗೆ ಸಾಲುತ್ತದೆಯೇ?

ಸ್ವರಲೆಕ್ಕ:
ಆ್ಯಪ್ ಚಂದಾ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಸ್ಪಾಟಿಫೈಯಂಥ ಸೇವೆಗಳ ಷರತ್ತಿನಲ್ಲೇ ಅದು ಸ್ವಂತ ಬಳಕೆಗೆ ಮಾತ್ರ ಎಂದಿದೆ.

ಒಂದು ಹಾಡಿನಲ್ಲಿ ಎರಡು ಹಕ್ಕುಗಳಿವೆ: ಸಾಹಿತ್ಯ ಮತ್ತು ರಾಗಸಂಯೋಜನೆಯದು ಒಂದು, ಧ್ವನಿಮುದ್ರಣದ್ದು ಇನ್ನೊಂದು. ಭಾರತದಲ್ಲಿ ಮೊದಲನೆಯದಕ್ಕೆ ಐಪಿಆರ್‌ಎಸ್, ಎರಡನೆಯದಕ್ಕೆ ಪಿಪಿಎಲ್‌ನಂಥ ಸಂಸ್ಥೆಗಳು ಹಕ್ಕುದಾರರ ಪರವಾಗಿ ಲೈಸೆನ್ಸ್ ಕೊಡುತ್ತವೆ. ಬ್ರಿಟನ್ನಿನಲ್ಲಿ 2018ರಿಂದ ಎರಡಕ್ಕೂ ಒಂದೇ ಜಂಟಿ ಲೈಸೆನ್ಸ್ ಸಿಗುತ್ತದೆ. ಒಂದು ಸಂಸ್ಥೆಗೆ ಹಣ ಕಟ್ಟಿ ಎಲ್ಲ ಮುಗಿಯಿತು ಅಂದುಕೊಳ್ಳುವುದರಿಂದಲೇ ಹೆಚ್ಚಿನ ತಕರಾರು ಶುರುವಾಗುತ್ತದೆ. ಎಲ್ಲ ಮ್ಯೂಸಿಕ್ ಕಂಪನಿಗಳೂ ಒಂದೇ ಸಂಸ್ಥೆಯಲ್ಲಿಲ್ಲ. ಮೊದಲು ನಿಮ್ಮ ಹಾಡುಗಳ ಪಟ್ಟಿ ಮಾಡಿ, ಪ್ರತಿ ಹಾಡಿನ ಮುಂದೆ ಕಂಪನಿಯ ಹೆಸರು ಬರೆದು, ಅದು ಯಾವ ಸಂಸ್ಥೆಯಲ್ಲಿದೆ ಎಂದು ತಾಳೆ ನೋಡಿ.

ಕಲಂ52:
ಭಾರತದ ಕ್ಲಬ್ ಆದರೆ, ಹಣ ಕಟ್ಟುವ ಮುಂಚೆ 1957ರ ಕೃತಿಸ್ವಾಮ್ಯ ಕಾಯ್ದೆಯ 52(1)(ಕೆ) ಓದಿ. ಲಾಭಕ್ಕಾಗಿ ನಡೆಯದ ಕ್ಲಬ್ ತನ್ನ ಚಟುವಟಿಕೆಯ ಭಾಗವಾಗಿ ಧ್ವನಿಮುದ್ರಿತ ಸಂಗೀತವನ್ನು ಸಾರ್ವಜನಿಕವಾಗಿ ಕೇಳಿಸಿದರೆ ಅದು ಉಲ್ಲಂಘನೆಯಲ್ಲ. ನಿಮ್ಮ ಅಭ್ಯಾಸದ ಹಾಡು ಇದರಡಿ ಬರುತ್ತದೆ ಎಂದೇ ನನ್ನ ಅಭಿಪ್ರಾಯ. ಆದರೆ ಕೋಚ್ ತನ್ನ ಹೆಸರಿನಲ್ಲೇ ಫೀಸು ವಸೂಲಿ ಮಾಡಿ ಲಾಭ ಇಟ್ಟುಕೊಳ್ಳುತ್ತಿದ್ದರೆ ಈ ವಾದ ನಿಲ್ಲುವುದಿಲ್ಲ. ನೋಂದಣಿ ಪತ್ರ, ಲಾಭ ಹಂಚುವುದಿಲ್ಲ ಎಂದಿರುವ ಬೈಲಾ, ಆಡಿಟ್ ಆದ ಲೆಕ್ಕ, ಈ ಮೂರನ್ನೂ ಒಂದೇ ಫೈಲಿನಲ್ಲಿಡಿ. ನೋಟಿಸ್ ಬಂದರೆ ಸುಮ್ಮನಿರಬೇಡಿ, ಇವುಗಳ ನಕಲು ಲಗತ್ತಿಸಿ ಲಿಖಿತ ಉತ್ತರ ಕೊಡಿ.

ಕ್ಲಬ್ಬಿನವರೇ ವೇದಿಕೆಯಲ್ಲಿ ಹಾಡಿದರೆ, ನುಡಿಸಿದರೆ ಅನ್ವಯಿಸುವುದು 52(1)(ಎಲ್). ಅದರಲ್ಲಿ ಪ್ರೇಕ್ಷಕರಿಂದ ಹಣ ಪಡೆದಿರಬಾರದು ಎಂಬ ಷರತ್ತಿದೆ (ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಪ್ರದರ್ಶನ ಬೇರೆ ಮಾತು). ಟಿಕೆಟ್ ಪ್ರದರ್ಶನಕ್ಕೆ, ಅದರಲ್ಲೂ ಪ್ರಾಯೋಜಕರಿದ್ದರೆ, ಕಾರ್ಯಕ್ರಮದ ಲೈಸೆನ್ಸ್ ತೆಗೆದುಕೊಳ್ಳುವುದೇ ಕ್ಷೇಮ.

ಸ್ವರಲೆಕ್ಕ:
ಸಭಾಂಗಣದ ಲೈಸೆನ್ಸಿನ ನಕಲು ಕೇಳಿ, ನಾಲ್ಕು ಸಂಗತಿ ನೋಡಿ: ಯಾರ ಹೆಸರಿನಲ್ಲಿದೆ, ಯಾವ ಜಾಗಕ್ಕೆ, ಯಾವ ದಿನಾಂಕದವರೆಗೆ, ಯಾವ ವರ್ಗದ್ದು. ಹಿನ್ನೆಲೆ ಸಂಗೀತದ ವರ್ಗದ್ದಾದರೆ ಟಿಕೆಟ್ ಪ್ರದರ್ಶನಕ್ಕೆ ಅದು ಬರುವುದಿಲ್ಲ. ಶುಲ್ಕ ಯಾರದೆಂದು ಬಾಡಿಗೆ ಕರಾರಿನಲ್ಲೇ ಬರೆಸಿ. ದರ ನಿಗದಿಗೆ ಸಾಮಾನ್ಯವಾಗಿ ಆಸನಗಳ ಸಂಖ್ಯೆ, ವಿಸ್ತೀರ್ಣ, ಟಿಕೆಟ್ ದರ, ದಿನಗಳನ್ನು ಕೇಳುತ್ತಾರೆ. 200 ಜನ ಬರುವ ಕಡೆ 800 ಆಸನದ ಸಭಾಂಗಣ ಹಿಡಿದರೆ ಬಾಡಿಗೆಯ ಜೊತೆ ಲೈಸೆನ್ಸ್ ಶುಲ್ಕವೂ ಏರಬಹುದು.

ಮಿಕ್ಸರ್‌ಮೇಜು:
ನಿಜವಾದ ತಲೆನೋವು ನೇರಪ್ರಸಾರ. ಸಭಾಂಗಣದಲ್ಲಿ ಹಾಡು ಹಾಕಲು ಕೊಟ್ಟ ಲೈಸೆನ್ಸ್ ವಿಡಿಯೊಗೆ ಅನ್ವಯಿಸುವುದಿಲ್ಲ. ದೃಶ್ಯದೊಂದಿಗೆ ಹಾಡು ಜೋಡಿಸುವ ಹಕ್ಕು ಪ್ರತ್ಯೇಕ, ಅದನ್ನು ಹಕ್ಕುದಾರರಿಂದಲೇ ಪಡೆಯಬೇಕು. ಯೂಟ್ಯೂಬ್‌ನ ಕಂಟೆಂಟ್ ಐಡಿ (ಹಕ್ಕುಳ್ಳ ಹಾಡನ್ನು ತಾನಾಗಿ ಪತ್ತೆಹಚ್ಚುವ ವ್ಯವಸ್ಥೆ) ಹಾಡನ್ನು ಗುರುತಿಸಿದರೆ ಪ್ರಸಾರ ನಡುವೆಯೇ ನಿಲ್ಲಬಹುದು. ಮಿಕ್ಸರಿನಲ್ಲಿ ಹಾಡಿನ ಚಾನೆಲ್ ಪ್ರಸಾರಕ್ಕೆ ಹೋಗದಂತೆ ಮಾಡಿದರಷ್ಟೇ ಸಾಲದು, ಕ್ಯಾಮೆರಾದ ಮೈಕ್ ಸ್ಪೀಕರಿನ ಸದ್ದು ಹಿಡಿಯುತ್ತದೆ. ಕ್ಯಾಮೆರಾ ಮೈಕ್ ಪೂರ್ತಿ ಆಫ್ ಮಾಡಿ, ವೀಕ್ಷಕ ವಿವರಣೆಕಾರರ ಬಾಯಿಗೆ ಹತ್ತಿರವಿರುವ ಹೆಡ್‌ಸೆಟ್ ಮೈಕ್ ಒಂದನ್ನೇ ಪ್ರಸಾರಕ್ಕೆ ಕೊಡಿ, ಅವರನ್ನು ಸ್ಪೀಕರಿನಿಂದ ದೂರ ಕೂರಿಸಿ.

ಮಹಿಳೆಯರ ಫ್ಲೋರ್ ವ್ಯಾಯಾಮಕ್ಕೆ ಬೇಕಾದ್ದು 90 ಸೆಕೆಂಡಿನೊಳಗಿನ, ಪದಗಳಿಲ್ಲದ ಸಂಗೀತ. ಇದಕ್ಕೆ ಸಂಗೀತ ಲೈಬ್ರರಿಯ ತುಣುಕು ಕೊಳ್ಳುವುದೇ ಒಳ್ಳೆಯದು. ಪರವಾನಗಿಯಲ್ಲಿ ಸಾರ್ವಜನಿಕ ಪ್ರದರ್ಶನ, ವಿಡಿಯೊ, ಕತ್ತರಿಸಿ ಜೋಡಿಸುವುದು ಮೂರೂ ಇವೆಯೇ ನೋಡಿ, ರಸೀದಿ ಇಟ್ಟುಕೊಳ್ಳಿ. ಕ್ರಿಯೇಟಿವ್ ಕಾಮನ್ಸ್‌ನಲ್ಲಿ (ಷರತ್ತಿನ ಮೇಲೆ ಉಚಿತ ಬಳಕೆಗೆ ಬಿಡುವ ಪರವಾನಗಿ) ‘ಎನ್‌ಡಿ’, ಅಂದರೆ ಮಾರ್ಪಡಿಸುವಂತಿಲ್ಲ ಎಂಬ ಗುರುತಿರುವುದನ್ನು ವಿಡಿಯೊಗೆ ಜೋಡಿಸುವಂತಿಲ್ಲ. ‘ಎನ್‌ಸಿ’, ಅಂದರೆ ವಾಣಿಜ್ಯ ಬಳಕೆಗಲ್ಲ ಎಂದಿದ್ದರೆ ಟಿಕೆಟ್ ಪ್ರದರ್ಶನಕ್ಕೆ ತೊಡಕು.

ಕ್ಲಬ್‌ಕಾರ್ಯದರ್ಶಿ:
ಹಳೆಯ ಜನಪದ ಧಾಟಿಯಾದರೆ ಯಾವ ಹಕ್ಕೂ ಇರುವುದಿಲ್ಲ ತಾನೇ?

ಕಲಂ52:
ಧಾಟಿಗೆ ಇರಲಿಕ್ಕಿಲ್ಲ, ಧ್ವನಿಮುದ್ರಣಕ್ಕೆ ಇರುತ್ತದೆ. ಭಾರತದಲ್ಲಿ ಅದರ ಅವಧಿ ಪ್ರಕಟವಾದ ಮರುವರ್ಷದಿಂದ 60 ವರ್ಷ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಅಮೆರಿಕದ ಸ್ಕೇಟಿಂಗ್ ಜೋಡಿ ಬಳಸಿದ್ದೂ ಹಳೆಯ ಜನಪದ ಹಾಡೇ, ಅದನ್ನು ಹೊಸದಾಗಿ ಸಂಯೋಜಿಸಿ ಮುದ್ರಿಸಿದವರು ಮೊಕದ್ದಮೆ ಹೂಡಿದರು. ನಿಮ್ಮವರೇ ನುಡಿಸಿ ಮುದ್ರಿಸಿಕೊಳ್ಳಿ, ನುಡಿಸಿದವರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿ.