‘ಅದಿಲ್ಲದೆ ಮೈ ಒಪ್ಪುವುದೇ ಇಲ್ಲ’ ಎಂದ ತಮ್ಮನಿಗೆ

ಸಮಸ್ಯೆ: ನಾನು 26ರ ಗೇ ಯುವಕ. ಊರು ಹಾಸನದ ಕಡೆ, ಕೆಲಸ ಬೆಂಗಳೂರಿನಲ್ಲಿ. ಎರಡು ವರ್ಷದಿಂದ ವಾರದ ಕೊನೆಗೆ ‘ಹೈ ಫನ್’ಗೆ, ಅಂದರೆ ಡ್ರಗ್ಸ್ ತಗೊಂಡು ಸೆಕ್ಸ್ ಮಾಡುವ ಕೂಟಗಳಿಗೆ, ಹೋಗುತ್ತಿದ್ದೇನೆ. ಅಲ್ಲಿ ಮಾತ್ರ ನನಗೆ ನಾಚಿಕೆ ಆಗುವುದಿಲ್ಲ. ಈಗ ಐಸ್ (ಕ್ರಿಸ್ಟಲ್ ಮೆತ್ ಎನ್ನುವ ಡ್ರಗ್) ಇಲ್ಲದೆ ಯಾರ ಜೊತೆಗೂ ಮಲಗಲು ಆಗುತ್ತಿಲ್ಲ. ಯಾರಿಗೆ ಹೇಳಲಿ?

ತಮ್ಮಾ, ‘ನಾಚಿಕೆ ಆಗುವುದಿಲ್ಲ’ ಎಂದು ಬರೆದಿದ್ದೀಯಲ್ಲ, ನಾನೂ ಅದಕ್ಕೇ ಹೋಗಿದ್ದು. ನನಗೀಗ 41. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ 377ರ ತೀರ್ಪು ಕೊಟ್ಟು, ನಮ್ಮಂಥವರ ಪ್ರೀತಿ ಅಪರಾಧವಲ್ಲ ಎಂದಾಗ ಕುಣಿದಿದ್ದೆ. ಆದರೂ ಬಾಗಿಲು ಹಾಕಿದ ಕೋಣೆಯಲ್ಲಿ ಒಬ್ಬ ಗಂಡಸಿನ ಕೈ ಹಿಡಿಯಲು ನಡುಕ ಬರುತ್ತಿತ್ತು. ಐಸ್ ಆ ನಡುಕವನ್ನು ನಿಲ್ಲಿಸಿತು. ಶುಕ್ರವಾರ ರಾತ್ರಿ ಹೋದವನು ಭಾನುವಾರ ಸಂಜೆ ಹೊರಗೆ ಬರುತ್ತಿದ್ದೆ. ನಿದ್ದೆ ಇಲ್ಲ, ಊಟ ಇಲ್ಲ. ಮಂಗಳವಾರ ಆಫೀಸಿನ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದೆ.

ಮೊದಲು ಹೋದ ಡಾಕ್ಟರು ‘ಮದುವೆ ಮಾಡ್ಕೊಳ್ಳಿ, ಸರಿ ಹೋಗುತ್ತೆ’ ಎಂದರು. ಒಂದು ವರ್ಷ ಮತ್ತೆ ಯಾರ ಹತ್ತಿರವೂ ಹೋಗಲಿಲ್ಲ. ನೀನು ಹಾಗೆ ಮಾಡಬೇಡ. ಒಬ್ಬರು ಸರಿ ಇಲ್ಲದಿದ್ದರೆ ಇನ್ನೊಬ್ಬರನ್ನು ಹುಡುಕು. ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಬೇರೆ ವಿಭಾಗ ಇದೆ. ಐಸ್ ಬಿಡಿಸುವ ಮಾತ್ರೆ ಅಂತ ಯಾವುದೂ ಇಲ್ಲ, ಕೂತು ಮಾತಾಡುವುದೇ ಮುಖ್ಯ ಚಿಕಿತ್ಸೆ. ಎದುರಿಗೆ ಕೂರಲು ಧೈರ್ಯ ಬರದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಫೋನ್ ಮಾಡು, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು ಮಾತು ಯಾರೂ ಹೇಳುವುದಿಲ್ಲ. ಬಿಟ್ಟ ಮೇಲೆ ತಿಂಗಳುಗಟ್ಟಲೆ ನನಗೆ ಆಸೆಯೇ ಹುಟ್ಟಲಿಲ್ಲ. ಕೆಟ್ಟುಹೋದೆ ಅಂದುಕೊಂಡೆ. ಆಮೇಲೆ ಒಬ್ಬ ಗೆಳೆಯ ಬಂದ. ನಡೆದದ್ದನ್ನೆಲ್ಲ ಹೇಳಿದೆ. ಆ ರಾತ್ರಿ ಲೈಟ್ ಆರಿಸಲಿಲ್ಲ, ಬಟ್ಟೆ ಬಿಚ್ಚಲಿಲ್ಲ, ಸುಮ್ನೆ ಕೈ ಹಿಡಿದು ಮಲಗಿದೆವು. ನಡುಕ ಬಂತು. ಅವನು ಕೈ ಬಿಡಲಿಲ್ಲ. ಮಧ್ಯೆ ಎರಡು ಸಲ ಜಾರಿ ಮತ್ತೆ ಹೋದೆ, ಅದನ್ನೂ ಅವನಿಗೆ ಹೇಳಿದೆ.
– ಹೆಸರು ಬೇಡ, ಬೆಂಗಳೂರು

ನಾನು ನರ್ಸ್, ನನ್ನ ತಮ್ಮನೂ ಗೇ. ಬಿಡುವುದು ನಾಳೆಯೇ ಆಗದಿರಬಹುದು, ಅಲ್ಲಿವರೆಗೆ ಜೀವ ಉಳಿಯಬೇಕು ಅಲ್ವಾ. ಕಾಂಡೋಮ್ ಇಲ್ಲದೆ ಏನಾದರೂ ಆಗಿದ್ದರೆ ಎಚ್‌ಐವಿ ತಗುಲದಂತೆ ತಡೆಯುವ ಪೆಪ್ ಮಾತ್ರೆಯನ್ನು 72 ಗಂಟೆಯೊಳಗೆ ಶುರು ಮಾಡಬೇಕು. ಬೇಗ ಆದಷ್ಟೂ ಒಳ್ಳೆಯದು, 28 ದಿನ ತಪ್ಪದೆ ತಗೋಬೇಕು. ‘ಜಿ’ (ಇಂಥ ಕೂಟಗಳಲ್ಲಿ ಕುಡಿಯುವ ಜಿಎಚ್‌ಬಿ ಎನ್ನುವ ಡ್ರಗ್) ಜೊತೆ ಮದ್ಯ ಸೇರಿದರೆ ಉಸಿರೇ ನಿಲ್ಲಬಹುದು. ಯಾರಾದರೂ ಎಬ್ಬಿಸಿದರೂ ಏಳದಿದ್ದರೆ ‘ಮಲಗಲಿ ಬಿಡು’ ಅನ್ನಬೇಡಿ. ಪಕ್ಕಕ್ಕೆ ಹೊರಳಿಸಿ 108ಕ್ಕೆ ಫೋನ್ ಮಾಡಿ, ಏನು ತಗೊಂಡಿದ್ದಾರೆ ಅಂತ ನಿಜ ಹೇಳಿ.
– ಒಬ್ಬ ಅಕ್ಕ, ಹುಬ್ಬಳ್ಳಿ

ನಾನು ಲಂಡನ್‌ನಲ್ಲಿರುವ ಮೈಸೂರಿನವನು. ಇಲ್ಲಿ ಸೋಹೊದ 56 ಡೀನ್ ಸ್ಟ್ರೀಟ್ ಲೈಂಗಿಕ ಆರೋಗ್ಯ ಕ್ಲಿನಿಕ್‌ನಲ್ಲಿ ಕೆಮ್‌ಸೆಕ್ಸ್ (ನಮ್ಮಲ್ಲಿ ‘ಹೈ ಫನ್’ ಅನ್ನುವುದು) ಬಗ್ಗೆ ಮುಚ್ಚುಮರೆ ಇಲ್ಲದೆ ಮಾತಾಡಬಹುದು. ನನಗೂ ಇಂಗ್ಲಿಷಿನಲ್ಲಿ ಎಲ್ಲ ಹೇಳಲು ಬಂತು. ಆದರೆ ‘ಅಮ್ಮನಿಗೆ ಗೊತ್ತಾದರೆ’ ಎನ್ನುವ ಭಯ ಮಾತ್ರ ಆ ಭಾಷೆಯಲ್ಲಿ ಬಾಯಿಗೆ ಬರಲಿಲ್ಲ. ನೀವು ನಿಮ್ಮ ನಾಚಿಕೆಯನ್ನು ಕನ್ನಡದಲ್ಲೇ ಬರೆದಿರಿ. ನಿಮ್ಮ ಪತ್ರವನ್ನು ರಾತ್ರಿ ಎರಡು ಸಲ ಜೋರಾಗಿ ಓದಿಕೊಂಡೆ. ಮತ್ತೆ ಬರೆಯಿರಿ, ಕಾಯುತ್ತಿರುತ್ತೇನೆ.
– ನಿಮ್ಮಂಥವನೇ ಒಬ್ಬ, ಲಂಡನ್