ಗಾಮಾ ಕೊಟ್ಟ ಮೇಲೆ ಎಲ್-ಲ್ಯೂಸಿನ್ ರೀಡಿಂಗ್ ಇಳಿದಿದೆ, ಡಿ ಆಗಿದೆ ಅಂತ ಬರೆಯಬಹುದಾ?

ಪ್ರಶ್ನೆ (ಎಂಎಸ್ಸಿ ವಿದ್ಯಾರ್ಥಿ, ಕಲಬುರಗಿ):
ಎಲ್-ಲ್ಯೂಸಿನ್ (ಅಮೈನೋ ಆಮ್ಲ; ಇದರ ಕನ್ನಡಿಬಿಂಬ ರೂಪವೇ ಡಿ, ಅದು ಬೆಳಕನ್ನು ಅಷ್ಟೇ ವಿರುದ್ಧ ದಿಕ್ಕಿಗೆ ತಿರುಗಿಸುತ್ತದೆ), ನೀರಿನಲ್ಲಿ 0.1 ಮೋಲಾರ್. ಕೋಬಾಲ್ಟ್-60 ಗಾಮಾ ಚೇಂಬರ್‌ನಲ್ಲಿ 50 ಕಿಲೋಗ್ರೇ ಡೋಸ್. 2 ಡೆಸಿಮೀಟರ್ ಟ್ಯೂಬಿನಲ್ಲಿ ಮೊದಲು −0.30°, ಈಗ −0.20°. ಪೋಲಾರಿಮೀಟರಿನ (ಬೆಳಕಿನ ತಿರುವು ಅಳೆಯುವ ಉಪಕರಣ) ಲೀಸ್ಟ್ ಕೌಂಟ್ 0.05°. ಮೂರನೇ ಒಂದು ಭಾಗ ಡಿ-ರೂಪ ಆಗಿದೆ ಅಂತ ರಿಪೋರ್ಟಿನಲ್ಲಿ ಬರೆಯಬಹುದಾ ಸರ್?

ಉತ್ತರ (ಬೀದರ್):
ಬರೀಬ್ಯಾಡ್ರಿ. ಒಂದು ಅಣುವೂ ಒಡೆದಿಲ್ಲ ಅಂದುಕೊಂಡ್ರೂ ಡಿ ಆರನೇ ಒಂದು ಭಾಗ ಇದ್ರ ಸಾಕು, ರೀಡಿಂಗ್ ಇಷ್ಟು ಇಳೀತದ; ಪ್ರತಿ ಡಿ ಅಣು ಒಂದು ಎಲ್ ಅಣುವಿನ ತಿರುವನ್ನೂ ಅಳಿಸ್ತದಲ್ಲ. ಆದ್ರ ಅಣುಗಳು ಖಂಡಿತ ಒಡೆದಾವ. ಗಾಮಾ ಬಿದ್ದ ನೀರಿನಾಗ ಹೈಡ್ರೇಟೆಡ್ ಎಲೆಕ್ಟ್ರಾನ್, ಹೈಡ್ರಾಕ್ಸಿಲ್ ರ‍್ಯಾಡಿಕಲ್ ಎರಡೂ ಹುಟ್ತಾವ. ಮೊದಲನೇದು ಅಮೈನೋ ಗುಂಪನ್ನು ಕಿತ್ತು ಅಮೋನಿಯಾ ಮಾಡ್ತದ. ಎರಡನೇದು ಆಲ್ಫಾ ಇಂಗಾಲದ (ಅಮೈನೋ ಗುಂಪು ಕೂತಿರೋ ಇಂಗಾಲ) ಹೈಡ್ರೋಜನ್ ಕಿತ್ತರ ಆ ಇಂಗಾಲ ಚಪ್ಪಟೆ ಆಗ್ತದ, ಹೈಡ್ರೋಜನ್ ಮರಳಿ ಯಾವ ಬದಿಯಿಂದಲೂ ಕೂಡಬಹುದು. ಡಿ ಹುಟ್ಟೋದು ಇಲ್ಲಿ. ದ್ರಾವಣದಾಗ ಗಾಳಿ ಇದ್ರ ಆಕ್ಸಿಜನ್ ಆ ರ‍್ಯಾಡಿಕಲ್ ಹಿಡಿದುಬಿಡ್ತದ. ಆಗ ಒಡೆಯೋದೇ ಹೆಚ್ಚು. ಸಂಶೋಧಕರಾದ ಬಾನರ್ ಮತ್ತು ಲೆಮನ್ 1978ರಾಗ ತೋರಿಸಿದ್ದೂ ಒಡೆಯೋದೇ ಹೆಚ್ಚು ಅಂತ: ಘನ ಅಮೈನೋ ಆಮ್ಲ ಅರ್ಧಕ್ಕಿಂತ ಹೆಚ್ಚು ನಾಶ ಆದಾಗ ರೇಸಿಮೀಕರಣ (ಎಲ್-ಡಿ ಬೆರಕೆ ಆಗೋದು) ಬರೀ 2–5 ಶೇಕಡಾ.

ಪಿಎಚ್ ನೋಡಿದ್ರ್ಯಾ? ಲ್ಯೂಸಿನ್ ನೀರಿನಾಗ ಎಡಕ್ಕ (ವಿಶಿಷ್ಟ ತಿರುವು, ಅಂದ್ರ ಸಾಂದ್ರತೆ-ಟ್ಯೂಬಿನ ಉದ್ದಕ್ಕ ಹೊಂದಿಸಿದ ಲೆಕ್ಕ, ಸುಮಾರು −11°), 6 ನಾರ್ಮಲ್ ಹೈಡ್ರೋಕ್ಲೋರಿಕ್ ಆಮ್ಲದಾಗ ಬಲಕ್ಕ (+15°). ಪಿಎಚ್ ಸರಿದ್ರ ಡಿ ಇಲ್ಲದೆಯೂ ರೀಡಿಂಗ್ ಸರೀತದ. ಮೇಲಾಗಿ 0.10° ವ್ಯತ್ಯಾಸ ಅಂದ್ರ ನಿಮ್ಮ ಸ್ಕೇಲಿನ ಎರಡೇ ಗೆರೆ.

ಉತ್ತರ (ಯಾದಗಿರಿ, ಅನಲಿಟಿಕಲ್ ಲ್ಯಾಬ್):
ಮಾರ್ಫಿ ರಿಯೇಜೆಂಟ್ (ಎಲ್, ಡಿ ಬೇರೆಯಾಗುವಂತೆ ಅಮೈನೋ ಆಮ್ಲಕ್ಕೆ ಅಂಟುವ ಕೈ-ಭೇದವಿರುವ ರಾಸಾಯನಿಕ) ಬಳಸಿ ಎಚ್‌ಪಿಎಲ್‌ಸಿ (ಕಾಲಂನಲ್ಲಿ ದ್ರವ ಹರಿಸಿ ಬೇರ್ಪಡಿಸುವ ವಿಧಾನ) ಮಾಡಿ. ದ್ರಾವಣವನ್ನು 50 ಮಿಲಿಮೋಲಾರ್‌ಗೆ ಇಳಿಸಿ 50 ಮೈಕ್ರೋಲೀಟರ್ ತಗೊಳ್ಳಿ. ಅಸಿಟೋನ್‌ನಲ್ಲಿ 1 ಶೇಕಡಾ ರಿಯೇಜೆಂಟ್ 100 ಮೈಕ್ರೋಲೀಟರ್, 1 ಮೋಲಾರ್ ಸೋಡಿಯಂ ಬೈಕಾರ್ಬೊನೇಟ್ 20 ಮೈಕ್ರೋಲೀಟರ್ ಹಾಕಿ 40 ಡಿಗ್ರಿಯಲ್ಲಿ ಒಂದು ಗಂಟೆ ಇಡಿ. ಆಮೇಲೆ 2 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 10 ಮೈಕ್ರೋಲೀಟರ್. ಸಿ-18 ಕಾಲಂ, 340 ನ್ಯಾನೋಮೀಟರ್. ಎಲ್ ಮೊದಲು, ಡಿ ಆಮೇಲೆ ಬರುತ್ತದೆ. ಡಿಎಲ್-ಲ್ಯೂಸಿನ್ (ಎರಡೂ ಸಮವಾಗಿ ಇರುವ ಮಿಶ್ರಣ) ಹಾಕಿ ಖಾತ್ರಿ ಮಾಡಿಕೊಳ್ಳಿ. ಕಿರಣ ಕೊಡದ ಸ್ಯಾಂಪಲ್ಲಿಗೂ ಇದೇ ಪ್ರಕ್ರಿಯೆ ಬೇಕೇ ಬೇಕು: ರಿಯೇಜೆಂಟಿನಲ್ಲೇ ಅದರದೇ ಡಿ-ರೂಪದ ಚೂರು ಕಲ್ಮಶ ಇದ್ದರೆ ಸುಳ್ಳು ಡಿ ಪೀಕ್ ಬರುತ್ತದೆ. ಉಳಿದ ಎಲ್+ಡಿ ಮೊತ್ತವನ್ನು ಕಂಟ್ರೋಲ್ ಜೊತೆ ಹೋಲಿಸಿದರೆ ಎಷ್ಟು ನಾಶವಾಯಿತು ಎಂಬುದು ಬೇರೆಯಾಗಿಯೇ ಸಿಗುತ್ತದೆ.

ವಿದ್ಯಾರ್ಥಿ: ಧನ್ಯವಾದ. ಹಾಗಾದರೆ ಜೀವಿಗಳಲ್ಲಿ ಎಲ್ ಮಾತ್ರ ಉಳಿಯಲು ವಿಕಿರಣ ಕಾರಣ ಅನ್ನುವ ವಾದ?

ಬೀದರ್: ನಿಮ್ಮ ಗಾಮಾ ಎಡ-ಬಲ ನೋಡಂಗಿಲ್ಲ, ಎರಡನ್ನೂ ಒಂದೇ ಸಮ ಒಡೀತದ. ಆರಿಸೋ ಕಿರಣಕ್ಕ ತನ್ನದೇ ತಿರುವು ಇರಬೇಕು. 1977ರಾಗ ವೃತ್ತ ಧ್ರುವೀಕೃತ (ಸುತ್ತುತ್ತಾ ಸಾಗೋ) ನೇರಳಾತೀತ ಬೆಳಕು ಡಿಎಲ್-ಲ್ಯೂಸಿನ್‌ನಾಗ ಒಂದು ಕೈಯ ರೂಪಕ್ಕ ಸುಮಾರು 2 ಶೇಕಡಾ ಹೆಚ್ಚಳ ಕೊಟ್ಟಿತ್ತು. ಬೆಳಕಿನ ತಿರುವು ಬದಲಿಸಿದ್ರ ಹೆಚ್ಚಳದ ಕೈಯೂ ಬದಲಾಯ್ತು.