ನೀರಿನ ಟ್ಯಾಂಕಿನ ಬಳಿಯ ನಾಯಿಮರಿಗಳಿಗೆ ಹುಳದ ಔಷಧ: ಯಾರು, ಯಾವಾಗ, ಹೇಗೆ

ಸಂಘದ ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ನೀರಿನ ಟ್ಯಾಂಕಿನ ಕೆಳಗೆ ಮರಿ ಹಾಕಿರುವ ನಾಯಿಯ ಬಗ್ಗೆ ಹಲವು ಮನೆಯವರು ಬೇರೆ ಬೇರೆಯಾಗಿ ತಿಳಿಸಿದ್ದಾರೆ. ಮರಿಗಳ ಹೊಟ್ಟೆ ಉಬ್ಬಿದೆ, ಬೆನ್ನುಮೂಳೆ ಮಾತ್ರ ಎದ್ದು ಕಾಣುತ್ತಿದೆ. ನಿನ್ನೆ ಒಂದು ಮರಿ ಮಾಡಿದ ವಾಂತಿಯಲ್ಲಿ ಶಾವಿಗೆಯಂತಹ ಬಿಳಿ ಹುಳುಗಳು ಸುರುಳಿ ಸುತ್ತಿಕೊಂಡು ಇನ್ನೂ ಅಲುಗಾಡುತ್ತಿದ್ದವು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳು ಬಡಾವಣೆಯ ನಾಯಿಗಳಿಗೆ ಆಹಾರದ ವ್ಯವಸ್ಥೆ ಮಾಡುವ ಹೊಣೆಯನ್ನು ನಿವಾಸಿಗಳ ಸಂಘಕ್ಕೇ ವಹಿಸಿವೆ. ಆದ್ದರಿಂದ ಇದು ನಮ್ಮ ಕೆಲಸವೇ ಎಂದು ಭಾವಿಸಿ ಮುಂದುವರಿಯೋಣ.

ಎರಡನೇ ಅಡ್ಡರಸ್ತೆಯ ನಿವಾಸಿ:
ನಮ್ಮ ಮಕ್ಕಳು ಅದೇ ಜಾಗದಲ್ಲಿ ಬರಿಗಾಲಿನಲ್ಲಿ ಆಡುತ್ತಾರೆ. ಈ ಹುಳುಗಳು ಮಕ್ಕಳಿಗೂ ಹರಡುತ್ತವೆಯೇ ಸರ್? ಒಮ್ಮೆ ಔಷಧ ಹಾಕಿಸಿದರೆ ಸಾಕಾಗುವುದಿಲ್ಲವೇ?

ನಿವೃತ್ತ ಪಶುವೈದ್ಯಕೀಯ ಪರಿವೀಕ್ಷಕರು, ಮೂಲೆ ಮನೆ:
ಒಮ್ಮೆ ಹಾಕಿಸಿದರೆ ಸಾಕಾಗುವುದಿಲ್ಲ ಮೇಡಂ, ಎಲ್ಲರೂ ಎಡವುವುದು ಇಲ್ಲಿಯೇ. ತಾಯಿಯ ಮಾಂಸಖಂಡಗಳಲ್ಲಿ ಸುಪ್ತವಾಗಿರುವ ದುಂಡುಹುಳುವಿನ ಲಾರ್ವಾಗಳು ಗರ್ಭದ ಕೊನೆಯ ದಿನಗಳಲ್ಲಿ ಎಚ್ಚೆತ್ತು ಮರಿಗಳ ದೇಹವನ್ನು ಸೇರುತ್ತವೆ. ಹುಟ್ಟಿದ ಮೇಲೆ ಹಾಲಿನ ಮೂಲಕವೂ ಬರುತ್ತವೆ. ಕರುಳಿನಲ್ಲಿರುವ ಹುಳುಗಳನ್ನು ಔಷಧ ಹೊರಹಾಕುತ್ತದೆಯೇ ಹೊರತು, ಆ ಹೊತ್ತಿಗೆ ಪಿತ್ತಜನಕಾಂಗದಲ್ಲಿಯೋ ಶ್ವಾಸಕೋಶದಲ್ಲಿಯೋ ಸಂಚರಿಸುತ್ತಿರುವ ಲಾರ್ವಾಗಳನ್ನು ಪೂರ್ತಿಯಾಗಿ ಮುಟ್ಟುವುದಿಲ್ಲ, ಅವು ಕೆಮ್ಮಿನೊಂದಿಗೆ ಗಂಟಲಿಗೆ ಬಂದು ನುಂಗಲ್ಪಟ್ಟು ಮತ್ತೆ ಕರುಳು ಸೇರುತ್ತವೆ. ಅದಕ್ಕಾಗಿಯೇ ಮರಿಗೆ ಎರಡು ವಾರ ತುಂಬಿದಾಗ ಆರಂಭಿಸಿ, ಎಂಟು ವಾರದವರೆಗೆ ಎರಡು ವಾರಕ್ಕೊಮ್ಮೆ, ಅನಂತರ ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಔಷಧ ಕೊಡುವುದು ರೂಢಿ. ತಾಯಿಗೂ ಜೊತೆಯಲ್ಲೇ ಕೊಡಬೇಕು.

ಮಕ್ಕಳ ವಿಷಯಕ್ಕೆ ಬಂದರೆ, ನಿಮ್ಮ ಆತಂಕ ಸರಿಯಾದದ್ದೇ. ದುಂಡುಹುಳುವಿನ ಮೊಟ್ಟೆಗಳು ಮಣ್ಣಿನ ಕೈಯಿಂದ ಬಾಯಿಗೆ ಹೋದರೆ ಕೆಲವೊಮ್ಮೆ ಕಣ್ಣಿಗೂ ಹಾನಿಯಾಗಬಹುದು. ಕೊಕ್ಕೆಹುಳುವಿನ ಲಾರ್ವಾಗಳಂತೂ ಬರಿಗಾಲಿನ ಚರ್ಮವನ್ನೇ ಕೊರೆದು ಒಳಹೋಗಿ ತುರಿಕೆಯ ಗೆರೆಗಳನ್ನು ಉಂಟುಮಾಡುತ್ತವೆ. ನಮ್ಮ ಮಡಿಕೇರಿಯ ಮಳೆಗಾಲದ ಹಸಿ ಮಣ್ಣು ಅವಕ್ಕೆ ಅನುಕೂಲಕರ. ಆದರೆ ದುಂಡುಹುಳುವಿನ ಮೊಟ್ಟೆ ಸೋಂಕು ಹರಡುವ ಸ್ಥಿತಿಗೆ ಬರಲು ವಾರಗಳೇ ಬೇಕಾಗುವುದರಿಂದ, ಮಲವನ್ನು ದಿನವೂ ತೆಗೆದುಹಾಕಿದರೆ ಅರ್ಧ ಅಪಾಯ ಅಲ್ಲೇ ತಪ್ಪುತ್ತದೆ. ಔಷಧಕ್ಕಿಂತ ನಾನು ಇದಕ್ಕೇ ಹೆಚ್ಚು ಒತ್ತು ಕೊಡುತ್ತೇನೆ.

ತೋಟದ ರಸ್ತೆಯ ನಿವಾಸಿ:
ನಮ್ಮಲ್ಲಿ ದನಗಳಿಗೆ ತಂದ ಹುಳದ ಔಷಧ ಉಳಿದಿದೆ. ಅದನ್ನೇ ಸ್ವಲ್ಪ ಸ್ವಲ್ಪ ಕೊಟ್ಟರೆ ಆಗುವುದಿಲ್ಲವೇ ಸರ್?

ಮೂಲೆ ಮನೆ:
ದಯವಿಟ್ಟು ಬೇಡ. ದನದ ಔಷಧದ ಸಾಂದ್ರತೆ ಬೇರೆ, ಕೆಲವು ಔಷಧಗಳು ಎಳೆಮರಿಗಳ ನರಮಂಡಲಕ್ಕೆ ವಿಷವಾಗುತ್ತವೆ. ಮರಿಗಳಿಗೆಂದೇ ಸಿಗುವ ಪೈರಾಂಟೆಲ್‌ನಂತಹ ದ್ರವ ಔಷಧವನ್ನು ತೂಕ ನೋಡಿ ವೈದ್ಯರು ಬರೆದುಕೊಟ್ಟ ಪ್ರಮಾಣದಲ್ಲಿ ಕೊಡಬೇಕು. ಸೂಜಿ ತೆಗೆದ ಸಿರಿಂಜನ್ನು ಬಾಯಿಯ ಪಕ್ಕದಿಂದ, ಕೆನ್ನೆಯ ಒಳಭಾಗಕ್ಕೆ ಇಟ್ಟು ನಿಧಾನವಾಗಿ ಬಿಡಿ. ತಲೆಯನ್ನು ಮೇಲಕ್ಕೆತ್ತಿ ಸುರಿದರೆ ಔಷಧ ಶ್ವಾಸಕೋಶಕ್ಕೆ ಇಳಿಯುತ್ತದೆ. ಮರಿಯನ್ನು ಒಂದು ಚೀಲದಲ್ಲಿ ಕೂರಿಸಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದರೂ ಸಾಕಾಗುತ್ತದೆ.

ಮೊದಲನೇ ಅಡ್ಡರಸ್ತೆಯ ನಿವಾಸಿ:
ಔಷಧ ಕೊಟ್ಟ ಮೇಲೆ ಭೇದಿಯಾದರೆ ಏನು ಮಾಡಬೇಕು? ಈಗಲೇ ಎರಡು ಮರಿಗಳ ಮಲ ನೀರಾಗಿದೆ. ನಾನು ಪ್ರತಿದಿನ ಬೆಳಿಗ್ಗೆ ಹಾಲು ಇಡುತ್ತಿದ್ದೇನೆ.

ಮೂಲೆ ಮನೆ:
ಹಸುವಿನ ಹಾಲನ್ನು ನಿಲ್ಲಿಸಿ ಅಮ್ಮ, ಎಷ್ಟೋ ಮರಿಗಳ ಭೇದಿಗೆ ಅದೇ ಕಾರಣ. ಮೆತ್ತಗೆ ಬೇಯಿಸಿದ ಅನ್ನಕ್ಕೆ ಮಸಾಲೆ, ಉಪ್ಪು ಇಲ್ಲದೆ ಬೇಯಿಸಿದ ಕೋಳಿಮಾಂಸವನ್ನು ಬಿಡಿಸಿ ಬೆರೆಸಿ, ಸ್ವಲ್ಪ ಸ್ವಲ್ಪವಾಗಿ ಹಲವು ಬಾರಿ ಕೊಡಿ; ಎಳೆಮರಿಗಳನ್ನು ಉಪವಾಸ ಹಾಕಿದರೆ ರಕ್ತದ ಸಕ್ಕರೆ ಕುಸಿಯುತ್ತದೆ. ಔಷಧದ ನಂತರ ಒಂದೆರಡು ದಿನ ಮಲ ಮೆತ್ತಗಾಗುವುದು, ಅದರಲ್ಲಿ ಹುಳು ಕಾಣುವುದು ಸಹಜ. ಆದರೆ ವಾಂತಿಯೊಂದಿಗೆ ರಕ್ತಭೇದಿ, ಬಿಳಚಿದ ಒಸಡು, ತಿನ್ನದೆ ಮುದುಡಿ ಮಲಗುವುದು, ಇವುಗಳಲ್ಲಿ ಒಂದಾದರೂ ಕಂಡರೆ ಅದು ಪಾರ್ವೊ ಎಂಬ ಮಾರಕ ವೈರಸ್ ರೋಗ ಆಗಿರಬಹುದು. ಕಾಯಬಾರದು, ಆ ಮರಿಯನ್ನು ಕೂಡಲೇ ಬೇರ್ಪಡಿಸಿ ಪಶು ಆಸ್ಪತ್ರೆಗೆ ಒಯ್ಯಬೇಕು. ಮನುಷ್ಯರ ಭೇದಿ ಮಾತ್ರೆ, ಜ್ವರದ ಮಾತ್ರೆಗಳನ್ನು ಯಾರೂ ಕೊಡಬಾರದು. ಈಗ ಭೇದಿಯಿರುವ ಎರಡು ಮರಿಗಳಿಗೂ ವೈದ್ಯರು ನೋಡಿದ ಮೇಲೆಯೇ ಹುಳದ ಔಷಧ ಕೊಡೋಣ.

ತೋಟದ ರಸ್ತೆಯ ನಿವಾಸಿ:
ಸರಿ ಸರ್, ದನದ ಔಷಧವನ್ನು ಬಿಟ್ಟೆ. ಕೈಲ್‌ಪೊಳ್ದ್ ಹತ್ತಿರ ಬಂತು. ಹಬ್ಬದ ಊಟದಲ್ಲಿ ಉಳಿದ ಪಂದಿಕರಿಯನ್ನು ಯಾರೂ ಟ್ಯಾಂಕಿನ ಬಳಿ ಸುರಿಯದಂತೆ ಎಲ್ಲರಿಗೂ ತಿಳಿಸಬೇಕು. ಅದರ ಕೊಬ್ಬು, ಈರುಳ್ಳಿ, ಬೆಳ್ಳುಳ್ಳಿ, ಬೆಂದ ಎಲುಬು, ಒಂದೂ ಮರಿಗಳ ಹೊಟ್ಟೆಗೆ ಒಗ್ಗುವಂಥದ್ದಲ್ಲ. ಪ್ರೀತಿಯಿಂದಲೇ ಹಾಕುತ್ತೇವೆ ನಿಜ, ಆದರೆ ನರಳುವುದು ಅವು.

ಸಂಘದ ಕಾರ್ಯದರ್ಶಿ:
ಚರ್ಚೆಗೆ ಎಲ್ಲರಿಗೂ ಧನ್ಯವಾದಗಳು. ಭೇದಿಯಿರುವ ಎರಡು ಮರಿಗಳನ್ನು ನಾಳೆ ಬೆಳಿಗ್ಗೆ ನನ್ನ ಜೀಪಿನಲ್ಲಿ ಪಶು ಆಸ್ಪತ್ರೆಗೆ ಕರೆದೊಯ್ಯುತ್ತೇನೆ. ಮೂಲೆ ಮನೆ ಸರ್ ಜೊತೆಗೆ ಬರಲು ಒಪ್ಪಿದ್ದಾರೆ. ಉಳಿದ ಮರಿಗಳ ತೂಕವನ್ನು ಮೊದಲನೇ ಅಡ್ಡರಸ್ತೆಯ ಅಕ್ಕ ಇಂದು ಸಂಜೆಯೊಳಗೆ ಬರೆದು ಕಳುಹಿಸಲಿ. ಆಹಾರ ಇಡುವ ಜಾಗವನ್ನು ಆಟದ ಮೈದಾನದಿಂದ ದೂರಕ್ಕೆ, ಪಂಪ್‌ಹೌಸ್ ಹಿಂದಿನ ಜಗಲಿಗೆ ಬದಲಾಯಿಸೋಣ. ಮುಂದಿನ ಔಷಧದ ದಿನಾಂಕಗಳನ್ನು ಗೇಟಿನ ಫಲಕದಲ್ಲಿ ಬರೆಯಿಸುತ್ತೇನೆ. ಕೈಗವಸು ಹಾಕಿಕೊಂಡು ಮಲ ತೆಗೆಯುವ ಸರದಿಗೆ ಸೋಮವಾರದಿಂದ ಶುಕ್ರವಾರದವರೆಗೆ ಹೆಸರುಗಳು ಬಂದಿವೆ. ಶನಿವಾರ ಮತ್ತು ಭಾನುವಾರಕ್ಕೆ ಯಾರು ಬರುತ್ತೀರಿ, ದಯವಿಟ್ಟು ಇಲ್ಲಿಯೇ ತಿಳಿಸಿ.